ಲವಂಗವಿಲ್ಲದ ಶಾಯಿ

ನಜಮಾಳ ಬಗ್ಗೆ ಬರೆಯುತ್ತೇನೆ ಅಂದಾಗ ಅವಳು ಬೇಡ ಅನ್ನಲಿಲ್ಲ, ಖುಷಿಯನ್ನೂ ಪಡಲಿಲ್ಲ. ಒಂದೇ ಷರತ್ತು ಹಾಕಿದಳು. ತಾನು ಮಾಡಿದ ತಪ್ಪನ್ನು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ನಾನು ಒಪ್ಪಲಿಲ್ಲ. ಹದಿನೆಂಟು ವರ್ಷ ಒಂದೇ ಆಸ್ಪತ್ರೆಯಲ್ಲಿ ಒಂದೇ ಡಬ್ಬಿಯ ರೊಟ್ಟಿ ತಿಂದವರು ನಾವು, ಅವಳ ಷರತ್ತುಗಳನ್ನೆಲ್ಲ ಪಾಲಿಸುತ್ತ ಕೂತಿದ್ದರೆ ನಾನು ಯಾವತ್ತೋ ಹುಚ್ಚಿಯಾಗಿರುತ್ತಿದ್ದೆ. ತಪ್ಪು ಬರುತ್ತದೆ, ಆದರೆ ಅದರ ಜಾಗದಲ್ಲಿ ಬರುತ್ತದೆ. ಅವಳು ಯಾರು ಅಂತ ಗೊತ್ತಾಗದೆ ಅವಳ ತಪ್ಪು ಗೊತ್ತಾಗಿ ಯಾರಿಗೆ ಏನು ಲಾಭ?

ನಾನು ಮಾಯಾ. ಬೆಟಗೇರಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂಡುವವಳು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ನನಗಿನ್ನೂ ನೌಕರಿ ಬೇಕು. ನನ್ನ ಕಿಟಕಿಯಿಂದ ಮೂರನೇ ಬಾಗಿಲು ನಜಮಾಳ ಪ್ರಯೋಗಾಲಯ. ಹೆಸರು ಕೇಳಿ ದೊಡ್ಡದೇನೋ ಇರಬೇಕು ಅಂದುಕೊಳ್ಳಬೇಡಿ. ಹಿಂದೆ ಆಸ್ಪತ್ರೆಯ ಚಾದರ ಒಗೆದು ಒಣಹಾಕುತ್ತಿದ್ದ ಕೋಣೆ ಅದು. ಒಂದು ಕಲ್ಲಿನ ಕಟ್ಟೆ, ಒಂದು ಫ್ರಿಜ್ಜು, ಒಂದು ಸೂಕ್ಷ್ಮದರ್ಶಕ, ಒಂದು ಎತ್ತರದ ಸ್ಟೂಲು. ನಜಮಾ ಐದಡಿಗೂ ಕಡಿಮೆ. ಸ್ಟೂಲಿನ ಮೇಲೆ ಹತ್ತಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಹಾಗೆ ಕಾಲು ಜೋತುಬಿಟ್ಟುಕೊಂಡೇ ಅವಳು ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಸಾವಿರಾರು ಜನರ ರಕ್ತ, ಕಫ, ಉಚ್ಚೆ ನೋಡಿದ್ದಾಳೆ.

ಅವಳ ತವರು ಲಕ್ಷ್ಮೇಶ್ವರ. ಅಪ್ಪ ನಬಿಸಾಬರದು ಅಕ್ಷರ ಬರೆಯುವ ಕಸುಬು. ಅಂಗಡಿಯ ಬೋರ್ಡು, ಮದುವೆಯ ಕಾಗದ, ಗೋರಿಯ ಕಲ್ಲಿನ ಮೇಲೆ ಕೆತ್ತುವ ಮುಂಚೆ ಮೂಡಿಸುವ ಹೆಸರು, ಬಾಗಿಲ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕುವ ಕುರಾನಿನ ಆಯತ್ತು. ಕನ್ನಡ ಬೇಕಾದರೆ ಕನ್ನಡ, ಉರ್ದು ಬೇಕಾದರೆ ಉರ್ದು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ನಿಂತಿತು, ಮುದುಕರ ಹಟ ನಿಲ್ಲಲಿಲ್ಲ. ಅವರು ಇವತ್ತಿಗೂ ಶಾಯಿಯನ್ನು ಮನೆಯಲ್ಲೇ ಮಾಡುತ್ತಾರೆ. ಔಡಲ ಎಣ್ಣೆಯ ದೀಪದ ಮೇಲೆ ಮಣ್ಣಿನ ಪರಟಿ ಬೋರಲು ಹಾಕಿ ಮಸಿ ಹಿಡಿಯುವುದು, ಅದನ್ನು ಜಾಲಿ ಅಂಟಿನ ನೀರಿನಲ್ಲಿ ದಿನಗಟ್ಟಲೆ ಅರೆಯುವುದು, ಕೊನೆಗೆ ಲವಂಗ ಕುದಿಸಿದ ನೀರು ಸೇರಿಸಿ ಶೀಶೆಗೆ ತುಂಬುವುದು. ಅವರ ಮನೆಗೆ ಹೋದರೆ ಬಿರಿಯಾನಿ ಮಾಡಿದ್ದಾರೋ ಶಾಯಿ ಮಾಡಿದ್ದಾರೋ ವಾಸನೆಯಿಂದ ಹೇಳುವುದು ಕಷ್ಟ.

ನಜಮಾ ಲ್ಯಾಬ್ ಕೋರ್ಸಿಗೆ ಸೇರಿದಾಗ ಅವಳ ಸೋದರತ್ತೆ ಮೂರು ತಿಂಗಳು ಮನೆಗೆ ಬರಲಿಲ್ಲವಂತೆ. ಮಂದಿಯ ಹೊಲಸು ಮುಟ್ಟುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ಆಕೆಯ ಕೊರಗು. ಎರಡು ಸಂಬಂಧ ಅದೇ ಕಾರಣಕ್ಕೆ ಮುರಿದುಬಿದ್ದವು. ಮೂರನೆಯವನು ಶಾಕೀರ, ಬೆಟಗೇರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹುಡುಗಿ ನೋಡಲು ಬಂದವನು ಸೂಕ್ಷ್ಮದರ್ಶಕದಲ್ಲಿ ಏನು ಕಾಣುತ್ತದೆ ಅಂತ ಕೇಳಿದನಂತೆ. ಇವಳು ಒಂದು ತಾಸು ಹೇಳಿದಳಂತೆ, ಚಹಾ ಆರಿಹೋಯಿತಂತೆ, ಮದುವೆ ಗಟ್ಟಿಯಾಯಿತಂತೆ. ಸೋದರತ್ತೆ ಈಗ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಇವಳ ಹತ್ತಿರವೇ ಬರುತ್ತಾಳೆ, ಸಾಲಿನಲ್ಲಿ ನಿಲ್ಲದೆ ಸೀದಾ ಒಳಗೆ ಹೋಗುತ್ತಾಳೆ.

ಇನ್ನು ಶಾಯಿಗೂ ರೋಗಕ್ಕೂ ಏನು ಸಂಬಂಧ ಅನ್ನುವುದನ್ನು ಹೇಳಬೇಕು. ಎಚ್‌ಐವಿ ಇದ್ದವರು ಗುಳಿಗೆ ಬಿಟ್ಟರೆ ದೇಹದ ಕಾವಲು ಕುಸಿಯುತ್ತದೆ. ಕಾವಲಿಲ್ಲದ ಹೊತ್ತು ನೋಡಿಕೊಂಡು ಒಳಗೆ ಕೂಡುವ ರೋಗಗಳಲ್ಲಿ ಒಂದು ಶಿಲೀಂಧ್ರದ್ದು, ಅಂದರೆ ಬೂಷ್ಟಿನ ಜಾತಿಯದು. ಧೂಳಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ, ಉಸಿರಿನ ಜೊತೆ ಹೋಗಿ ಮಿದುಳಿನ ಪೊರೆಗೆ ಹತ್ತುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಬಹುತೇಕ ಏನೂ ಮಾಡುವುದಿಲ್ಲ. ಕಾವಲು ಕುಸಿದವರಿಗೆ ಮೊದಲು ತಲೆಬೇನೆ, ಆಮೇಲೆ ವಾಂತಿ, ಆಮೇಲೆ ಮಂಪರು, ಆಮೇಲೆ ಸಾವು. ಅದನ್ನು ಹಿಡಿಯಲು ಈಗ ಒಂದು ಪರೀಕ್ಷೆಯ ಪಟ್ಟಿ ಬಂದಿದೆ, ಒಂದು ಹನಿ ರಕ್ತ ಸಾಕು, ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಪಟ್ಟಿ ಇಲ್ಲದಿದ್ದರೆ ಹಳೆಯ ದಾರಿ: ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು, ಅದರ ಒಂದು ಹನಿಗೆ ಕಪ್ಪು ಶಾಯಿಯ ಒಂದು ಹನಿ ಬೆರೆಸಿ ನೋಡುವುದು. ಈ ಶಿಲೀಂಧ್ರದ ಮೈಮೇಲೆ ದಪ್ಪನೆಯ ಕವಚವಿದೆ, ಶಾಯಿ ಅದರೊಳಗೆ ಇಳಿಯುವುದಿಲ್ಲ. ಹಾಗಾಗಿ ಕಪ್ಪಿನ ನಡುವೆ ಬೆಳ್ಳನೆಯ ಬಳೆಯ ಹಾಗೆ ಕಾಣುತ್ತದೆ.

ಎರಡು ವರ್ಷದ ಹಿಂದೆ, ಫೆಬ್ರುವರಿಯಲ್ಲಿ, ಹನಮಂತವ್ವ ಅನ್ನುವ ಹೆಂಗಸು ಗಂಡನನ್ನು ಕರೆದುಕೊಂಡು ನನ್ನ ಕಿಟಕಿಗೆ ಬಂದಳು. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವರು. ಗಂಡ ತಿರಕಪ್ಪ ಗೌಂಡಿ, ಗಾರೆ ಕೆಲಸದವನು, ವಯಸ್ಸು ಮೂವತ್ತೆಂಟು. ತಲೆಗೆ ಟವೆಲ್ಲು ಬಿಗಿದುಕೊಂಡು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ. ಒಂದು ತಿಂಗಳ ತಲೆಬೇನೆ. ಶಿರಹಟ್ಟಿಯಲ್ಲಿ ಒಬ್ಬರು ಕಣ್ಣು ಪರೀಕ್ಷಿಸಿ ಕನ್ನಡಕ ಕೊಟ್ಟಿದ್ದರು. ಮುಂಡರಗಿಯಲ್ಲಿ ಒಬ್ಬರು ದವಡೆಯ ಹಲ್ಲು ಕಿತ್ತಿದ್ದರು. ತೋಳಿನಲ್ಲಿ ಒಂದು ತಾಯಿತವೂ ಇತ್ತು. ಕನ್ನಡಕ, ಬಾಯಲ್ಲಿ ಹಲ್ಲಿಲ್ಲದ ಜಾಗ, ತಾಯಿತ, ಮೂರೂ ಕೂಡಿ ಆ ಬೇನೆಯನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇತ್ತು. ಹನಮಂತವ್ವ ಒಂದು ದಿನವೂ ತಪ್ಪದೆ ಗುಳಿಗೆ ನುಂಗುತ್ತಿದ್ದಳು. ತಿರಕಪ್ಪ ಗೋವಾಕ್ಕೆ ದುಡಿಯಲು ಹೋದವನು ಬಿಟ್ಟುಬಿಟ್ಟಿದ್ದ. ಒಂದೇ ಶೆಡ್ಡಿನಲ್ಲಿ ಎಂಟು ಜನ ಗೌಂಡಿಗಳು, ದಿನಾ ಗುಳಿಗೆ ನುಂಗಿದರೆ ಯಾತಕ್ಕೆ ಅಂತ ಕೇಳುತ್ತಾರೆ. ಅವರ ಬಾಯಿಗೆ ಹೆದರಿ ಎರಡು ವರ್ಷ ಬಿಟ್ಟ. ರಕ್ತ ನೋಡಿದಾಗ, ಐನೂರರ ಮೇಲೆ ಇರಬೇಕಾದ ಕಾವಲು ಕಣಗಳು ಅವನಲ್ಲಿ ಮೂವತ್ತೆಂಟು ಉಳಿದಿದ್ದವು.

ಡಾಕ್ಟರ್ ಸೋಮೇಶ ಕೆಟ್ಟವರಲ್ಲ. ದಿನಕ್ಕೆ ನೂರಾ ಇಪ್ಪತ್ತು ಜನರನ್ನು ನೋಡುವ ಮನುಷ್ಯ ಕೆಟ್ಟವನಾಗಲಿಕ್ಕೂ ಪುರುಸೊತ್ತು ಬೇಕು. ಮಿದುಳಿನ ಟಿಬಿ ಇರಬೇಕು ಅಂತ ಅವರ ಅಂದಾಜು, ನಮ್ಮ ಕಡೆ ಅದೇ ಹೆಚ್ಚು. ಆದರೂ ಬೆನ್ನಿನ ನೀರು ತೆಗೆದರು. ತಿರಕಪ್ಪ ಹೆದರಿ ಕೊಸರಾಡಿದ, ಹತ್ತು ಹದಿನೈದು ಹನಿ ಬಂತು ಅಷ್ಟೇ. ಅದರಲ್ಲಿ ಮುಕ್ಕಾಲು ಟಿಬಿ ಪರೀಕ್ಷೆಗೆ ಹೋಯಿತು. ಉಳಿದದ್ದು ನಜಮಾಳ ಕಟ್ಟೆಗೆ ಬಂತು.

ಆ ಹೊತ್ತಿಗೆ ಅವಳಲ್ಲಿ ಪಟ್ಟಿ ಮುಗಿದು ಮೂರು ತಿಂಗಳಾಗಿತ್ತು. ಕಂಪನಿಯ ಶಾಯಿ ಶೀಶೆಯಲ್ಲಿ ಒಣಗಿ ಕರಕಾಗಿತ್ತು. ಮೂರು ಸಲ ಬರೆದ ಬೇಡಿಕೆ ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಅಂತ ವಾಪಸು ಬಂದಿತ್ತು. ಇವಳು ಕೈಕಟ್ಟಿ ಕೂಡುವ ಪೈಕಿ ಅಲ್ಲ. ನಾಲ್ಕು ದಿನ ಮುಂಚೆ ಲಕ್ಷ್ಮೇಶ್ವರಕ್ಕೆ ಹೋಗಿ ಅಪ್ಪನಿಂದ ಒಂದು ಶೀಶೆ ಶಾಯಿ ಮಾಡಿಸಿಕೊಂಡು ಬಂದಿದ್ದಳು. ದೀಪದ ಮಸಿ, ಅಂಟು, ನೀರು, ಕಂಪನಿಯ ಶಾಯಿಯಲ್ಲೂ ಹೆಚ್ಚುಕಡಿಮೆ ಅದೇ ಇರುವುದು. ಒಂದು ಮಾತು ಮಾತ್ರ ಹೆಚ್ಚಿಗೆ ಹೇಳಿದ್ದಳು: ಲವಂಗ ಹಾಕಬೇಡ. ಲವಂಗದ ಖಾರಕ್ಕೆ ಬೆನ್ನಿನ ನೀರಿನ ಕಣ ಕೆಟ್ಟರೆ ಅನ್ನುವ ಹೆದರಿಕೆ. ಅರವತ್ತು ವರ್ಷದಿಂದ ಹಾಕುತ್ತಿರುವುದನ್ನು ಯಾಕೆ ಬಿಡಲಿ ಅಂತ ಮುದುಕರು ಗೊಣಗಿದರಂತೆ, ಮಗಳು ಓದಿದವಳು ಅಂತ ಬಿಟ್ಟರಂತೆ. ತಂದ ದಿನ ಬರೀ ನೀರಿಗೆ ಬೆರೆಸಿ ನೋಡಿದಳು. ಸ್ವಚ್ಛ ಕಪ್ಪು. ಶೀಶೆಯನ್ನು ಕಿಟಕಿಯ ಪಕ್ಕದ ಮಾಡದಲ್ಲಿಟ್ಟಳು.

ತಿರಕಪ್ಪನ ಹನಿಗೆ ಶಾಯಿ ಬೆರೆಸಿ ನೋಡಿದಾಗ ಬೆಳ್ಳನೆಯ ದುಂಡು ಕಣಗಳು ಕಂಡವು, ಕೆಲವು ಮೊಳಕೆ ಒಡೆಯುತ್ತಿದ್ದವು. ಶಿಲೀಂಧ್ರ ಸಿಕ್ಕಿತು ಅಂತ ವರದಿ ಬರೆದಳು. ಡಾಕ್ಟರು ಹುಬ್ಬಳ್ಳಿಗೆ ಫೋನು ಹಚ್ಚಿ ಔಷಧಿ ಕೇಳಿದರು. ಸಾಮಾನ್ಯ ಔಷಧಿಯಲ್ಲ, ಅದು ರೋಗವನ್ನೂ ಸುಡುತ್ತದೆ, ಕಣ್ಣಿಟ್ಟು ಕಾಯದಿದ್ದರೆ ಕಿಡ್ನಿಯನ್ನೂ ಸುಡುತ್ತದೆ. ಮರುದಿನ ಬೆಳಿಗ್ಗೆ ಬರುವುದಿತ್ತು.

ಅವತ್ತು ಸಂಜೆ ನಾಲ್ಕಕ್ಕೆ ಕಟ್ಟೆ ಒರೆಸುತ್ತಿದ್ದ ನಜಮಾಳಿಗೆ ಏನನ್ನಿಸಿತೋ, ಬರೀ ನೀರಿಗೆ ಅದೇ ಶಾಯಿ ಬೆರೆಸಿ ಇನ್ನೊಂದು ಸಲ ನೋಡಿದಳು. ಅದರಲ್ಲೂ ಅದೇ ದುಂಡು ಕಣಗಳು, ಅದೇ ಮೊಳಕೆ. ಲವಂಗವಿಲ್ಲದ ಶಾಯಿಗೆ ನಾಲ್ಕು ದಿನದ ಬಿಸಿಲಿನಲ್ಲಿ ಬೂಷ್ಟು ಹಿಡಿದಿತ್ತು. ಅವಳು ನೋಡಿದ್ದು ತಿರಕಪ್ಪನ ರೋಗವನ್ನಲ್ಲ, ತನ್ನ ಶೀಶೆಯ ರೋಗವನ್ನು. ನೋಡುವ ಮುಂಚೆ ಪ್ರತಿ ಸಲ ಬರೀ ನೀರಿನಲ್ಲಿ ಶಾಯಿಯನ್ನು ಪರೀಕ್ಷಿಸಬೇಕು ಅನ್ನುವುದು ನಿಯಮ. ಅವತ್ತು ಗಡಿಬಿಡಿಯಲ್ಲಿ ಬಿಟ್ಟಿದ್ದಳು. ಕವಚ ದಪ್ಪಗಿದೆಯೋ ಇಲ್ಲವೋ ಅನ್ನುವುದನ್ನೂ ಸರಿಯಾಗಿ ನೋಡಿರಲಿಲ್ಲ.

ಇಗೋ, ಇದು ಅವಳ ತಪ್ಪು. ಅದರ ಪಕ್ಕದಲ್ಲೇ ನನ್ನದೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಅವಳು ಮುಖ ಬಿಳಚಿಕೊಂಡು ನನ್ನ ಕಿಟಕಿಗೆ ಬಂದು ಹೇಳಿದಾಗ, ಸುಮ್ಮನಿದ್ದುಬಿಡು, ಯಾರಿಗೆ ಗೊತ್ತಾಗುತ್ತದೆ ಅಂತ ಹೇಳಿದೆ.

“ಅವನ ಕಿಡ್ನಿಗೆ ಗೊತ್ತಾಗತೈತಿ,” ಅಂದಳು.

ಸೀದಾ ಡಾಕ್ಟರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಹೊರಗೆ ಕೂತಿದ್ದ ಹದಿನೈದು ಜನರಿಗೂ ಕೇಳಿಸಿತು. ಡಾಕ್ಟರ್ ಸೋಮೇಶ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಮನೆಯಲ್ಲಿ ಮಾಡಿದ ಶಾಯಿಯನ್ನು ಆಸ್ಪತ್ರೆಗೆ ತರಲು ಇದೇನು ಉಪ್ಪಿನಕಾಯಿಯೇ ಅಂತ ಕೇಳಿದರು. ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು. ಹುಬ್ಬಳ್ಳಿಯ ಔಷಧಿ ಬೇಡ ಅಂತ ಫೋನು ಮಾಡಿ, ಟಿಬಿ ಗುಳಿಗೆ, ಜೊತೆಗೆ ಊತ ಇಳಿಸುವ ಗುಳಿಗೆ ಬರೆದರು. ಆ ಎರಡನೇ ಗುಳಿಗೆಯ ಗುಣವೋ ಏನೋ, ಎರಡು ದಿನದಲ್ಲಿ ತಿರಕಪ್ಪನ ತಲೆಬೇನೆ ಸ್ವಲ್ಪ ಸಡಿಲಿತು. ಬೆನ್ನಿಗೆ ಚುಚ್ಚಿ ಸುಳ್ಳು ಬರೆದವರ ಹತ್ತಿರ ಇನ್ನು ಇರುವುದಿಲ್ಲ ಅಂತ ಹನಮಂತವ್ವ ಹಟ ಹಿಡಿದು ಗಂಡನನ್ನು ಕರೆದುಕೊಂಡು ಹೋದಳು. ಕಡಿಮೆಯಾಗದಿದ್ದರೆ ಹುಬ್ಬಳ್ಳಿಗೆ ಹೋಗಿ ಅಂತ ಡಾಕ್ಟರು ಕೊಟ್ಟ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಒಂದು ತಿಂಗಳು ತಲೆ ತಗ್ಗಿಸಿ ಓಡಾಡುತ್ತಿದ್ದರು. ನಜಮಾ ಅವರು ಹೋದ ಮರುದಿನವೇ ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದಳು.

“ನನ್ನ ಸ್ಲೈಡ್ ತಪ್ಪಂದ್ರ ಅವಗ ರೋಗ ಇಲ್ಲ ಅಂತಲ್ರಿ ಸರ್ರ. ನಮಗ ಏನೂ ಗೊತ್ತಿಲ್ಲ ಅಂತ. ಇನ್ನೊಮ್ಮಿ ನೀರು ತಗೀರಿ.”

ಅವರು ಒಪ್ಪಲಿಲ್ಲ. ನಿಮ್ಮ ಪ್ರಯೋಗಕ್ಕೆ ಆ ಮನುಷ್ಯನ ಬೆನ್ನನ್ನು ಮತ್ತೆ ಚುಚ್ಚುವುದಿಲ್ಲ ಅಂದರು. ಅಷ್ಟಕ್ಕೂ ರೋಗಿ ಊರಿಗೆ ಹೋಗಿ ಆಯಿತಲ್ಲ. ಇವಳು ಜಗಳಕ್ಕೆ ನಿಂತಳು. ಟಿಬಿ ಅಲ್ಲದಿದ್ದರೆ ಆ ಊತದ ಗುಳಿಗೆ ಎರಡು ದಿನ ಬೇನೆ ಮುಚ್ಚಿಟ್ಟು ಮೂರನೇ ದಿನಕ್ಕೆ ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರಿಗೆ ಇವಳ ಕಣ್ಣಿನ ಮೇಲಿನ ನಂಬಿಕೆ ಹೋಗಿತ್ತು, ಅದೇ ಅಡ್ಡಿ. ನಂಬಿಕೆ ಹೋಗುವುದು ಸರಿಯೇ ಅಂತ ಅವಳೇ ನನ್ನೆದುರು ಒಪ್ಪಿಕೊಂಡಳು, ಆದರೆ ಅದರ ದಂಡ ತಾನು ಕಟ್ಟಬೇಕು, ತಿರಕಪ್ಪ ಯಾಕೆ ಕಟ್ಟಬೇಕು ಅಂದಳು.

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ನಬಿಸಾಬರು ನಮಾಜು ಮುಗಿಸಿ ಬಂದಿದ್ದರು. ನಡೆದದ್ದನ್ನು ಕೇಳಿ ಅವರು ಬೈದ ಬೈಗುಳವನ್ನು ನಜಮಾ ನನಗೆ ಪೂರ್ತಿ ಹೇಳಲಿಲ್ಲ. ತಿರುಳು ಇಷ್ಟು: ಲವಂಗ ಪರಿಮಳಕ್ಕಲ್ಲ, ಬೂಷ್ಟು ಹಿಡಿಯದಿರಲಿ ಅಂತ ಹಾಕುವುದು, ಇದನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಬೈಯುತ್ತಲೇ ಅರೆದಿಟ್ಟಿದ್ದ ಹೊಸ ಮಸಿ ತೆಗೆದು, ಲವಂಗದ ನೀರು ಕುದಿಸಿ ಬೆರೆಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟರು. ನಜಮಾ ಅದನ್ನು ಲ್ಯಾಬಿನಲ್ಲಿ ಇನ್ನೊಮ್ಮೆ ಸೋಸಿ, ತನ್ನದೇ ಬಾಯಿಯೊಳಗಿನ ಕಣ ಕೆರೆದು ಅದಕ್ಕೆ ಬೆರೆಸಿ ನೋಡಿದಳು. ಲವಂಗ ಕಣಗಳಿಗೆ ಏನೂ ಮಾಡಿರಲಿಲ್ಲ.

ಭಾನುವಾರ ನನ್ನನ್ನೂ ಎಬ್ಬಿಸಿಕೊಂಡು ಕೊರ್ಲಹಳ್ಳಿಗೆ ಹೊರಟಳು. ಮುಂಡರಗಿಯಲ್ಲಿ ಬಸ್ಸು ಬದಲಿಸಿ ಇಳಿಯುವಷ್ಟರಲ್ಲಿ ಹನ್ನೊಂದಾಗಿತ್ತು. ತಿರಕಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಗೌಂಡಿ ಅಂದರೆ ಊರೆಲ್ಲ ಬಲ್ಲರು. ನಮ್ಮನ್ನು ಯಾರು ಅಂತ ಕೇಳಿದವರಿಗೆ ಆಸ್ಪತ್ರೆಯವರು, ತಲೆಬೇನೆ ವಿಚಾರಿಸಲು ಬಂದೆವು ಅಂತಷ್ಟೇ ಹೇಳಿದೆವು. ಉಳಿದದ್ದು ಆ ಊರಿನಲ್ಲಿ ಆ ಇಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಕೂಡದಿತ್ತು.

ತಿರಕಪ್ಪ ಒಳಕೋಣೆಯಲ್ಲಿ ಕಿಟಕಿಗೆ ಗೋಣಿತಾಟು ಹಾಕಿಸಿಕೊಂಡು ಮಲಗಿದ್ದ. ಬೆಳಕು ಬಿದ್ದರೆ ನರಳುತ್ತಿದ್ದ. ಬಂದವರು ಎಷ್ಟು ಜನ ಅಂತ ನಜಮಾ ಕೇಳಿದ್ದಕ್ಕೆ ನಾಲ್ಕು ಅಂದ. ನಾವು ಇಬ್ಬರೇ ಇದ್ದೆವು. ನಜಮಾ ನನ್ನ ಕೈಯನ್ನು ಹಿಂಡಿದಳು.

ಹನಮಂತವ್ವ ನಮಗೆ ನೀರು ಕೊಟ್ಟಳು, ಕೂಡಿ ಅನ್ನಲಿಲ್ಲ. ಓಣಿಯವರೆಲ್ಲ ಅವಳಿಗೆ ಹೇಳಿದ್ದರು, ಬೆನ್ನಿಗೆ ಎರಡನೇ ಸಲ ಸೂಜಿ ಹಾಕಿದರೆ ಕಾಲು ಹೋಗುತ್ತವೆ, ಹಾಸಿಗೆಯಲ್ಲೇ ಕೊಳೆಯುತ್ತಾನೆ ಅಂತ. ಅವಳಿಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು. ನಜಮಾ ಸುತ್ತಿ ಬಳಸಿ ಹೇಳಲಿಲ್ಲ. ತಪ್ಪು ನನ್ನದು, ನನ್ನ ಶಾಯಿ ಕೆಟ್ಟಿತ್ತು, ಡಾಕ್ಟರದು ಏನೂ ತಪ್ಪಿಲ್ಲ ಅಂದಳು. ಕಾಲಿಗೆ ಏನೂ ಆಗುವುದಿಲ್ಲ, ಸೂಜಿ ಹೋಗುವ ಜಾಗದಲ್ಲಿ ಕಾಲಿನ ಹುರಿ ಮುಗಿದಿರುತ್ತದೆ ಅಂತ ತನ್ನ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದಳು. ಹನಮಂತವ್ವ ಎಲ್ಲವನ್ನೂ ಕೇಳಿದಳು.

“ಒಮ್ಮಿ ಸುಳ್ಳ ಬರದ ಕೈ, ಬಾಯಾರ. ಎರಡನೇ ಸಲ ಖರೆ ಬರೀತೈತಿ ಅಂತ ಹ್ಯಾಂಗ ನಂಬಲಿ?”

“ನಂಬಬ್ಯಾಡ,” ಅಂದಳು ನಜಮಾ. “ನೀನ ನೋಡು. ನಿನ್ನ ಕಣ್ಣಿಗೆ ಕಾಣದಿದ್ರ ನಾ ಬರಿಯಂಗಿಲ್ಲ.”

“ನಾ ಸಾಲಿ ಕಲತಾಕಿ ಅಲ್ಲ.”

“ನೋಡಾಕ ಸಾಲಿ ಬೇಕಾಗಿಲ್ಲ.”

ರೋಗಿಯ ಕಡೆಯವರು ಲ್ಯಾಬಿನ ಹೊಸ್ತಿಲು ದಾಟುವಂತಿಲ್ಲ ಅಂತ ಬಾಗಿಲ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದೆ. ಹನಮಂತವ್ವ ಒಳಗೆ ಹೋಗಿ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಇವಳ ಹೆಸರನ್ನು ಬಿಟ್ಟು ತನ್ನ ತಾಯಿಯ ಹೆಸರು ಕರೆದ. ಅದು ಕೇಳಿದ ಮೇಲೆ ಅವಳು ಎದ್ದು ಟ್ರಂಕಿನಿಂದ ಒಂದು ಜೊತೆ ಬಟ್ಟೆ ತೆಗೆದು ಚೀಲಕ್ಕೆ ಹಾಕಿದಳು. ಊರಿನ ಟಂಟಂ ಗಾಡಿಯೊಂದನ್ನು ಹಿಡಿದು ಅವತ್ತೇ ಮುಂಡರಗಿ, ಅಲ್ಲಿಂದ ಬೆಟಗೇರಿ. ದಾರಿಯುದ್ದಕ್ಕೂ ತಿರಕಪ್ಪ ವಾಂತಿ ಮಾಡಿದ, ನಜಮಾ ಅವನ ಗದ್ದ ಹಿಡಿದು ಕೂತಳು.

ಸೋಮವಾರ ಬೆಳಿಗ್ಗೆ ಡಾಕ್ಟರ್ ಸೋಮೇಶ ವಾರ್ಡಿಗೆ ಬಂದವರು ತಿರಕಪ್ಪನ ತಲೆಯ ಕೆಳಗೆ ಕೈಯಿಟ್ಟು ಎತ್ತಿ ನೋಡಿದರು. ಕತ್ತು ಮರದ ಹಾಗೆ ಬಿಗಿದಿತ್ತು. ಹುಬ್ಬಳ್ಳಿಗೆ ಕಳಿಸುತ್ತೇನೆ ಅಂದರು. ದಾರಿಯಲ್ಲೇ ಏನಾದರೂ ಆದರೆ ಅಂತ ನಜಮಾ ಕೇಳಿದಳು. ಅವರು ಉತ್ತರಿಸುವ ಮುಂಚೆ ಹನಮಂತವ್ವ ಮಂಚದ ಆ ಕಡೆಯಿಂದ ಮಾತಾಡಿದಳು.

“ನೀರು ತಗೀರಿ, ಸಾಹೇಬ್ರ. ನಾ ಹೂಂ ಅಂದೀನಿ.”

ಈ ಸಲ ತಿರಕಪ್ಪನಿಗೆ ಕೊಸರಾಡುವ ಶಕ್ತಿಯೂ ಇರಲಿಲ್ಲ. ಸೂಜಿ ಕೂತಿದ್ದೇ ತಡ ನೀರು ಒಳಗಿನ ಒತ್ತಡಕ್ಕೆ ಸರಸರನೆ ಬಂತು, ಸಿರಿಂಜು ಎಳೆಯುವ ಅಗತ್ಯವೇ ಬೀಳಲಿಲ್ಲ. ಡಾಕ್ಟರು ಹದವಾಗಿ ಬಿಟ್ಟು ಮೂರು ಕೊಳವೆ ತುಂಬಿಸಿದರು. ಹತ್ತು ನಿಮಿಷಕ್ಕೆ ತಿರಕಪ್ಪ ಕಣ್ಣು ಬಿಟ್ಟು ಹೆಂಡತಿಯನ್ನು ಹೆಸರು ಹಿಡಿದು ಕರೆದ, ತಲೆ ಹಗುರಾಯಿತು ಅಂದ. ಮಿದುಳಿನ ಮೇಲೆ ಕೂತಿದ್ದ ಒತ್ತಡ ಇಳಿದಿತ್ತು. ಒಂದು ಕೊಳವೆ ಟಿಬಿ ಪರೀಕ್ಷೆಗೆ, ಇನ್ನೊಂದು ಹುಬ್ಬಳ್ಳಿಗೆ ಹೋಯಿತು, ಅಲ್ಲಿ ಬೆಳೆಸಿ ನೋಡಿ ಉತ್ತರ ಬರಲು ಹತ್ತು ದಿನ ಬೇಕು. ತಿರಕಪ್ಪನ ಹತ್ತಿರ ಹತ್ತು ದಿನ ಇರಲಿಲ್ಲ. ಮೂರನೇ ಕೊಳವೆಯನ್ನು ನಜಮಾ ಎರಡೂ ಕೈಯಲ್ಲಿ ಹಿಡಿದುಕೊಂಡು ಲ್ಯಾಬಿಗೆ ನಡೆದಳು, ಹಿಂದೆ ಹನಮಂತವ್ವ, ಅವಳ ಹಿಂದೆ ನಾನು. ಬಾಗಿಲ ಮೇಲಿನ ನನ್ನ ದಪ್ಪ ಅಕ್ಷರವನ್ನು ನಾನೇ ನೋಡದ ಹಾಗೆ ದಾಟಿದೆ.

ನಜಮಾ ಎರಡು ಗಾಜಿನ ಪಟ್ಟಿ ತಯಾರು ಮಾಡಿದಳು. ಒಂದರಲ್ಲಿ ಬರೀ ನೀರು, ಶಾಯಿ. ಇನ್ನೊಂದರಲ್ಲಿ ತಿರಕಪ್ಪನ ನೀರು, ಅದೇ ಶಾಯಿ. ತಾನು ನೋಡಿದಳು, ಬೆಳಕು ಹೊಂದಿಸಿದಳು, ಏನೂ ಹೇಳದೆ ಸ್ಟೂಲಿನಿಂದ ಇಳಿದಳು. ಹನಮಂತವ್ವ ಹತ್ತಿ ಕೂತಳು. ಯಾವ ಕಣ್ಣು ಎಲ್ಲಿಡಬೇಕು ಅನ್ನುವುದಕ್ಕೇ ಐದು ನಿಮಿಷ ಹಿಡಿಯಿತು. ಮೊದಲು ಬರೀ ನೀರಿನದು. ಕತ್ತಲು, ಏನೂ ಇಲ್ಲ ಅಂದಳು. ನಜಮಾ ಎರಡನೆಯದನ್ನು ಇಟ್ಟಳು. ಹನಮಂತವ್ವ ಉಸಿರು ಹಿಡಿದು ನೋಡಿದಳು, ತಲೆಯೆತ್ತಿದಳು, ಮತ್ತೆ ಬಗ್ಗಿದಳು.

“ನೆನಿಹಾಕಿದ ಸಾಬೂದಾಣಿ ಇದ್ದಂಗ ಅದಾವು,” ಅಂದಳು. “ನಡಕ ಒಂದು ಚುಕ್ಕಿ, ಸುತ್ತ ಬೆಳ್ಳಗ. ಭಾಳ ಅದಾವು, ಬಾಯಾರ.”

ನಾನೂ ನೋಡಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅವಳು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಡಾಕ್ಟರ್ ಸೋಮೇಶ ಬಾಗಿಲಲ್ಲಿ ನಿಂತಿದ್ದರು. ಇವರನ್ನು ಯಾರು ಒಳಗೆ ಬಿಟ್ಟರು ಅಂತ ಕೇಳಿದರು. ಹನಮಂತವ್ವ ಸ್ಟೂಲಿನಿಂದ ಇಳಿದು ಸೆರಗು ಸರಿಮಾಡಿಕೊಂಡು ಜಾಗ ಬಿಟ್ಟಳು. ಅವರು ಬಗ್ಗಿ ಎರಡನ್ನೂ ನೋಡಿದರು, ಮೊದಲು ರೋಗಿಯದು, ಆಮೇಲೆ ಬರೀ ನೀರಿನದು, ಮತ್ತೆ ರೋಗಿಯದು. ಬರೀ ನೀರಿನದನ್ನು ಎಷ್ಟೋ ಹೊತ್ತು ಪಟ್ಟಿ ಸರಿಸಿ ಸರಿಸಿ ಹುಡುಕಿದರು. ಆಮೇಲೆ ಅಲ್ಲೇ ನಿಂತು ಹುಬ್ಬಳ್ಳಿಗೆ ಫೋನು ಹಚ್ಚಿದರು. ಊತದ ಗುಳಿಗೆ ನಿಲ್ಲಿಸಿ ಅಂತ ನರ್ಸಿಗೆ ಕೂಗಿ ಹೇಳಿದರು.

ನಜಮಾ ವರದಿ ಬರೆದಳು. ಮೊದಲ ಸಾಲಿನಲ್ಲಿ, ಹೋದ ವಾರದ ವರದಿ ಕೆಟ್ಟ ಶಾಯಿಯಿಂದ ಆದ ತಪ್ಪು, ಹೊಣೆ ನನ್ನದು ಅಂತ. ಎರಡನೇ ಸಾಲಿನಲ್ಲಿ, ಇಂದಿನ ನೀರಿನಲ್ಲಿ ಕವಚವಿರುವ ಶಿಲೀಂಧ್ರ ಕಂಡಿದೆ ಅಂತ. ಅದರ ಕೆಳಗೆ ‘ನೋಡಿದವರು’ ಅಂತ ಬರೆದು ಹನಮಂತವ್ವನ ಹೆಬ್ಬೆಟ್ಟಿನ ಗುರುತು ಹಾಕಿಸಿದಳು, ಅದೇ ಶಾಯಿಯಲ್ಲಿ. ಹೆಬ್ಬೆಟ್ಟು ತೆಗೆದು ಬೇರೆ ಕಾಗದ ಬರೆಯಿರಿ ಅಂತ ಡಾಕ್ಟರು ಮೆಲ್ಲಗೆ ಹೇಳಿದರು. ಬರೆಯುವುದಿಲ್ಲ ಅಂದಳು. ಔಷಧಿಗೆ ವರದಿ ಹಚ್ಚಲೇಬೇಕಿತ್ತು, ಅವರು ಹೆಬ್ಬೆಟ್ಟಿನ ಕೆಳಗೆ ಸಹಿ ಮಾಡಿದರು.

ಎರಡು ವಾರ ಹನಿಹನಿಯಾಗಿ ಔಷಧಿ ಹೋಯಿತು. ದಿನಬಿಟ್ಟು ದಿನ ಕಿಡ್ನಿಯ ಪರೀಕ್ಷೆ, ನಾಲ್ಕು ಸಲ ಮತ್ತೆ ಬೆನ್ನಿನ ನೀರು. ಒಂದು ರಾತ್ರಿ ಚ‌ಳಿಜ್ವರ ಬಂದು ಮಂಚ ಅಲುಗಿತು, ಉಳಿಯುವುದಿಲ್ಲ ಅಂತ ನಾನು ಅಂದುಕೊಂಡೆ. ಉಳಿದ. ಬಲಗಿವಿ ಈಗಲೂ ಮಂದ, ಹಗ್ಗ ಹಿಡಿದು ಗೋಡೆಯ ನೇರ ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತಾನಂತೆ. ಗೋವಾಕ್ಕೆ ಹೋಗುವುದನ್ನು ಬಿಟ್ಟು ಮುಂಡರಗಿಯಲ್ಲೇ ಕೆಲಸ ಹಿಡಿದಿದ್ದಾನೆ. ಗುಳಿಗೆಯನ್ನು ಹೆಂಡತಿಯ ಎದುರು ಕೂತು ನುಂಗುತ್ತಾನೆ. ಹತ್ತನೇ ದಿನ ಬಂದ ಹುಬ್ಬಳ್ಳಿಯ ಉತ್ತರವೂ ಹನಮಂತವ್ವ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿತ್ತು.

ಆದರೆ ಆಸ್ಪತ್ರೆಯ ಆಡಳಿತದವರಿಗೆ ವರದಿಯ ಮೇಲಿನ ಹೆಬ್ಬೆಟ್ಟು ಕಣ್ಣಿಗೆ ಬಿತ್ತು. ನಜಮಾಳಿಗೆ ನೋಟಿಸು ಬಂತು. ಮನೆಯ ಶಾಯಿ ಬಳಸಿದ್ದು ಯಾಕೆ, ಹೊರಗಿನವರನ್ನು ಲ್ಯಾಬಿಗೆ ಬಿಟ್ಟಿದ್ದು ಯಾಕೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಬರೆದುಕೊಡಿ. ಕಚೇರಿಯ ಭಾಷೆ ನನಗೆ ಬರುತ್ತದೆ ಅಂತ ಉತ್ತರ ಬರೆದುಕೊಡಲು ನಾನೇ ಮುಂದಾದೆ. ‘ವಿಷಾದಿಸುತ್ತೇನೆ’, ‘ಕ್ಷಮೆ ಇರಲಿ’, ‘ಮರುಕಳಿಸದಂತೆ’, ಎಲ್ಲ ಸೇರಿಸಿ ಚೆಂದಾಗಿ ಒಂದು ಪುಟ ಮಾಡಿದೆ. ನೌಕರಿ ಉಳಿದರೆ ಸಾಕು ಅನ್ನುವುದು ನನ್ನ ಲೆಕ್ಕ.

ಅವಳು ಓದಿ, ಪುಟದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು. ಹಿಂದುಗಡೆ ತಾನೇ ಬರೆದಳು:

“ಶಾಯಿ ಕೆಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಅವನ ಹೆಂಡತಿಗೆ ತೋರಿಸಿದ್ದು ತಪ್ಪಲ್ಲ. ನನ್ನನ್ನು ನಂಬದವರು ಯಾರು ಬಂದರೂ ಮುಂದೆಯೂ ತೋರಿಸುತ್ತೇನೆ. ಪರೀಕ್ಷೆಯ ಪಟ್ಟಿ ಇನ್ನೂ ಬಂದಿಲ್ಲ, ಇದು ನಾಲ್ಕನೇ ಸಲ ಕೇಳುತ್ತಿರುವುದು, ಯಾವತ್ತು ಕಳಿಸುತ್ತೀರಿ?”